ಸ್ವರ್ಗಕ್ಕೆ ಅಲ್ಲ, ‘ಮೇಲಕ್ಕೆ’

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಮ್ಯಾಡ್ರಿಡ್ ಪ್ರವಾಸದ ಬರಹ ಓದಿ ಖುಷಿಯಾಯಿತು. ಒಂದೇ ಒಂದು ತಕರಾರಿದೆ. ಆ ಊರಿನವರು ಬಾಯ್ತುಂಬ ಹೇಳುವ ‘ದೆ ಮಾದ್ರಿದ್ ಆಲ್ ಸಿಯೆಲೊ’ ಎಂಬ ಗಾದೆಯನ್ನು ‘ಮ್ಯಾಡ್ರಿಡ್‌ನಿಂದ ಸ್ವರ್ಗಕ್ಕೆ’ ಎಂದು ಕನ್ನಡಕ್ಕೆ ತಂದಿದ್ದೀರಿ. ತಪ್ಪೇನಲ್ಲ. ಆದರೆ ಅರ್ಧ ಮಾತು ಕಳೆದುಹೋಗಿದೆ.

ಸ್ಪ್ಯಾನಿಶ್‌ನಲ್ಲಿ ‘ಸಿಯೆಲೊ’ ಅಂದರೆ ಸ್ವರ್ಗವೂ ಹೌದು, ತಲೆಯ ಮೇಲಿನ ಆಕಾಶವೂ ಹೌದು. ಈ ಊರು ನೋಡಿದ ಮೇಲೆ ಇನ್ನೇನು ಉಳಿಯಿತು, ನೇರ ಸ್ವರ್ಗವೇ ಗತಿ ಎನ್ನುವುದು ಒಂದು ಅರ್ಥ. ನಮ್ಮೂರ ಆಕಾಶ ನೋಡ್ರಪ್ಪಾ ಎನ್ನುವ ಜಂಬ ಇನ್ನೊಂದು. ಗಾದೆಗೆ ಒಂದು ಬಾಲವೂ ಉಂಟು, ನಿಮ್ಮ ಬರಹದಲ್ಲಿ ಅದು ಇಲ್ಲ: ‘ಅಲ್ಲೊಂದು ಪುಟ್ಟ ತೂತಿರಲಿ, ಊರು ನೋಡೋಕೆ’. ಸತ್ತು ಸ್ವರ್ಗ ಸೇರಿದ ಮೇಲೂ ಬಗ್ಗಿ ಕೆಳಗೆ ಇಣುಕುವ ಆಸೆ! ಇಡೀ ತಮಾಷೆ ಇರುವುದೇ ಆ ತೂತಿನಲ್ಲಿ.

ಕೆಲಸದ ಮೇಲೆ ಎರಡು ಚಳಿಗಾಲ ನಾನು ಅಲ್ಲಿದ್ದೆ. ಆ ಜಂಬ ಸುಮ್ನೆ ಬಂದದ್ದಲ್ಲ. ಊರು ಇರುವುದು ಸ್ಪೇನಿನ ನಡುವಿನ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಕಡಲು ದೂರ, ಗಾಳಿ ಒಣ. ತೇವ ಕಡಿಮೆ ಇದ್ದಷ್ಟೂ ಮಬ್ಬು ಕಡಿಮೆ, ನೀಲಿ ಜಾಸ್ತಿ. ಉತ್ತರದ ದಿಕ್ಕಿಗೆ ಗ್ವಾದರ್ರಾಮಾ ಬೆಟ್ಟಸಾಲು. ಜನವರಿಯ ಬೆಳಿಗ್ಗೆ ಅದರ ನೆತ್ತಿಯ ಹಿಮ ಪಕ್ಕದ ಬೀದಿಯಲ್ಲೇ ಬಿದ್ದಿದೆಯೇನೋ ಎನಿಸುತ್ತಿತ್ತು.

ಸಂಜೆ ನೋಡಬೇಕಾದರೆ ದೆಬೋದ್ ಗುಡಿಯ ಹತ್ತಿರ ಹೋಗಬೇಕು. ಅದು ಈಜಿಪ್ಟಿನ ಗುಡಿ. ಆಸ್ವಾನ್ ಅಣೆಕಟ್ಟು ಕಟ್ಟುವಾಗ ಹಳೆಯ ಗುಡಿಗಳನ್ನು ಉಳಿಸಲು ಸ್ಪೇನ್ ನೆರವಾಯಿತು. ಅದಕ್ಕೆ ಉಡುಗೊರೆಯಾಗಿ 1968ರಲ್ಲಿ ಈಜಿಪ್ಟ್ ಇದನ್ನು ಕೊಟ್ಟಿತು. ಕಲ್ಲು ಕಲ್ಲಾಗಿ ತಂದು ಜೋಡಿಸಿ 1972ರಲ್ಲಿ ಜನರಿಗೆ ತೆರೆದರು. ಎರಡು ಸಾವಿರ ವರ್ಷಕ್ಕೂ ಹಳೆಯ ಕಟ್ಟಡ! ಆದರೆ ನಾನು ಹೋದಾಗಲೆಲ್ಲ, ಸೂರ್ಯ ಇಳಿಯುವ ಹೊತ್ತಿಗೆ, ಜನ ಅದಕ್ಕೆ ಬೆನ್ನು ಹಾಕಿ ಪಡುವಣದ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಪಾಪ, ಗುಡಿ.

ಅಲ್ಲಿಯ ಆಕಾಶಕ್ಕೆ ಒಬ್ಬ ಚಿತ್ರಕಾರನ ಹೆಸರೂ ಅಂಟಿಕೊಂಡಿದೆ. ‘ವೆಲಾಸ್ಕೆಸ್ ಆಕಾಶ’ ಎನ್ನುತ್ತಾರೆ. ಪ್ರಾದೋ ಮ್ಯೂಸಿಯಂನಲ್ಲಿ ಅವನು ಬರೆದ ರಾಜಕುಮಾರ ಬಾಲ್ತಸಾರ್ ಕಾರ್ಲೋಸನ ಚಿತ್ರವಿದೆ. ಪುಟ್ಟ ಹುಡುಗ, ಡೊಳ್ಳುಹೊಟ್ಟೆಯ ಕುದುರೆ, ಹಿಂದೆ ಅದೇ ಗ್ವಾದರ್ರಾಮಾ. ಅಲ್ಲಿರುವುದು ಪೋಸ್ಟ್‌ಕಾರ್ಡಿನ ಕಡುನೀಲಿ ಅಲ್ಲ, ಬೆಳ್ಳಿ ಬೆರೆತ ತಣ್ಣನೆಯ ನೀಲಿ. ಚಿತ್ರ ನೋಡಿ ಹೊರಗೆ ಬಂದು ತಲೆ ಎತ್ತಿದರೆ ಅದೇ ಬಣ್ಣ. ಸುಮಾರು 400 ವರ್ಷವಾದರೂ ಅದಿನ್ನೂ ಅಲ್ಲೇ ಇದೆ.

ಎಲ್ಲ ದಿನವೂ ಇರುವುದಿಲ್ಲ ಅನ್ನಿ. ಚಳಿಗಾಲದಲ್ಲಿ ಮಳೆ ಗಾಳಿ ಎರಡೂ ಇಲ್ಲದ ವಾರಗಳಲ್ಲಿ ಗಾಡಿಗಳ ಹೊಗೆ ಮೇಲೆ ಹೋಗಲಾರದೆ ಊರಿನ ಮೇಲೆ ಕಂದು ಪದರವಾಗಿ ಕೂತುಬಿಡುತ್ತದೆ. ಅದಕ್ಕೂ ಅವರೇ ಹೆಸರಿಟ್ಟಿದ್ದಾರೆ: ‘ಬೊಯ್ನಾ’. ಅಂದರೆ ಚಪ್ಪಟೆ ಉಣ್ಣೆಟೋಪಿ. ಬೆಟ್ಟದ ಕಡೆಯಿಂದ ಇಳಿದು ಬರುವಾಗ ನಿಜಕ್ಕೂ ಊರು ಟೋಪಿ ಹಾಕಿಕೊಂಡಂತೆಯೇ ಕಾಣುತ್ತದೆ. 2018ರ ನವೆಂಬರ್‌ನಲ್ಲಿ ಊರಿನ ನಡುಭಾಗಕ್ಕೆ ಹೊಗೆ ಉಗುಳುವ ಗಾಡಿಗಳು ಬರದಂತೆ ನಿರ್ಬಂಧ ಹಾಕಿದರು. ಅದರ ಮೇಲೆ ಅಲ್ಲಿ ರಾಜಕೀಯದ ಜಗಳ ಬಹಳ ನಡೆಯಿತು. ನಿಮ್ಮ ಬರಹದಲ್ಲಿ ಟೋಪಿಯ ಸುದ್ದಿಯೇ ಇಲ್ಲ. ಇದ್ದಿದ್ದರೆ ಗಾದೆಗೆ ಇನ್ನಷ್ಟು ರುಚಿ ಬರುತ್ತಿತ್ತು, ಅಲ್ವಾ? ಟೋಪಿ ಕೂತ ದಿನ ಆ ತೂತಿನಿಂದ ಇಣುಕಿದರೂ ಏನೂ ಕಾಣುವುದಿಲ್ಲ.

ಇನ್ನು ಅನುವಾದದ ಮಾತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ‘ಮೇಲಕ್ಕೆ ಹೋದರು’ ಎನ್ನುತ್ತೇವೆ. ದೇವರು ‘ಮೇಲಿರುವವನು’. ‘ಮೇಲೆ ನೋಡು, ಮೋಡ ಕಟ್ಟಿದೆ’ ಎಂದೂ ಹೇಳುತ್ತೇವೆ. ಸ್ವರ್ಗ, ಆಕಾಶ ಎರಡನ್ನೂ ಹೊರುವ ಮಾತು ಕನ್ನಡದಲ್ಲಿ ತಯಾರಾಗಿಯೇ ಇದೆ. ‘ಮ್ಯಾಡ್ರಿಡ್‌ನಿಂದ ಮೇಲಕ್ಕೆ’ ಎಂದರೆ ಹೇಗೆ? ಬರೆದವರನ್ನೂ ಒಮ್ಮೆ ಕೇಳಿ ನೋಡಿ. ಒಪ್ಪದಿದ್ದರೆ ಸ್ವರ್ಗವೇ ಇರಲಿ. ಆ ತೂತನ್ನು ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ