ನವೆಂಬರಿನಲ್ಲೊಮ್ಮೆ ಬಂದು ನೋಡು

ಚಿ. ರಘುವಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ. ಇಲ್ಲಿ ನಾವಿಬ್ಬರೂ ಕ್ಷೇಮ. ದೀಪಾಳ ಕೆಮ್ಮು ಕಡಿಮೆ ಆಯ್ತಾ?

ಇದೇ ಫಿನ್ಲೆಂಡಿನಲ್ಲಿ, ತಾಂಪೆರೆ ನಗರದ ಹೆರ್ವಂತದಲ್ಲಿರುವ ನಿನಗೆ ಪಕ್ಕದ ಊರು ನೋಕಿಯಾದಿಂದ ಪತ್ರ ಬರೆಯುತ್ತಾಳಲ್ಲ ಅಂತ ನಗಬೇಡ. ಫೋನಿನಲ್ಲಿ ಹೇಳಿದರೆ "ಹೂಂ ಅತ್ತೆ" ಅಂದು ಮುಗಿಸಿಬಿಡುತ್ತೀಯ. ಕಾಗದ ಆದರೆ ಇಬ್ಬರೂ ಕೂತು ಓದುತ್ತೀರಿ.

ನಮ್ಮ ಊರಿನಲ್ಲಿ ಮನೆ ಕೊಳ್ಳಬೇಕು ಅಂತ ನೀವು ಹೊರಟಿದ್ದು ನನಗೆ ಖುಷಿಯೇ. ನೀವು ಹತ್ತಿರ ಬಂದರೆ ಹಬ್ಬಕ್ಕೆ ಹೋಳಿಗೆ ತಟ್ಟಲು ಕೈ ಸಿಗುತ್ತದೆ. ಆದರೆ ನೀವು ಬೆಂಗಳೂರಿನಿಂದ ಬಂದದ್ದು ಮೇ ತಿಂಗಳಲ್ಲಿ. ನೋಕಿಯಾ ನೋಡಿದ್ದು ಜುಲೈ ತಿಂಗಳ ಒಂದು ಭಾನುವಾರ. ರಾತ್ರಿ ಹತ್ತಾದರೂ ಬಿಸಿಲು, ಮೈದುಂಬಿದ ಹೊಳೆ, ಕಾಡಿನ ತುಂಬ ಬೆರಿ ಹಣ್ಣು. ಆಗ ಯಾವ ಊರು ತಾನೇ ಚೆನ್ನಾಗಿ ಕಾಣುವುದಿಲ್ಲ? ಹೆಣ್ಣು ನೋಡಲು ಹೋದವರು ಹಬ್ಬದ ದಿನವೇ ಹೋದ ಹಾಗಾಯ್ತು.

ಅದಕ್ಕೇ ಹೇಳುತ್ತೇನೆ, ಮುಂಗಡ ಕೊಡುವ ಮೊದಲು ನವೆಂಬರಿನಲ್ಲಿ ಒಂದು ಸಲ ಬಾ. ಅದೂ ಭಾನುವಾರ ಅಲ್ಲ, ಕೆಲಸದ ದಿನ. ತಿಂಗಳ ಕೊನೆಗೆ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹಿಮ ಇನ್ನೂ ನಿಂತಿರುವುದಿಲ್ಲ, ಬರೀ ಜಿಟಿಜಿಟಿ ಮಳೆ, ಕರಿ ರಸ್ತೆ. ಇಲ್ಲಿಯವರೇ ಆ ತಿಂಗಳನ್ನು ಹಲ್ಲು ಕಚ್ಚಿ ಕಳೆಯುತ್ತಾರೆ. ಆ ದಿನ ಇಬ್ಬರೂ ಆ ಮನೆಯ ಬಾಗಿಲಿನಿಂದ ದೀಪಾಳ ಆಫೀಸಿನವರೆಗೆ ಹೋಗಿ ನೋಡಿ. ರೈಲು ಹತ್ತಿದರೆ ತಾಂಪೆರೆಗೆ ಕಾಲು ಗಂಟೆ, ನಿಜ. ಹದಿನೈದು ಕಿಲೋಮೀಟರ್ ಏನು ದೂರ! ಆದರೆ ಅವಳ ಆಫೀಸು ತಾಂಪೆರೆಯ ಆಚೆ ತುದಿಯ ಹೆರ್ವಂತದಲ್ಲಿ. ನಿಲ್ದಾಣಕ್ಕೆ ನಡೆಯಬೇಕು, ಇಳಿದು ಟ್ರಾಮ್ ಹಿಡಿಯಬೇಕು, ರೈಲು ತಪ್ಪಿದರೆ ಬಸ್ಸಿಗೆ ಕಾಯಬೇಕು. ಮನೆ ಮಾರುವವರು ಹೇಳುವುದು ಕಾಲು ಗಂಟೆಯ ಲೆಕ್ಕ ಮಾತ್ರ.

ಊರಿನ ಬಗ್ಗೆ ನಿನ್ನ ಅಮ್ಮನಿಗೆ ಇನ್ನೂ ತಪ್ಪು ತಿಳಿವಳಿಕೆ. ಫೋನ್ ಕಂಪನಿಯ ಕ್ವಾರ್ಟರ್ಸಿನಲ್ಲಿ ನಾವಿದ್ದೇವೆ ಅಂತ ಅವಳ ಭಾವನೆ. ಕಂಪನಿಯ ಮುಖ್ಯ ಕಚೇರಿ ಇರುವುದು ದೂರದ ಎಸ್ಪೊದಲ್ಲಿ. ಫ್ರೆಡ್ರಿಕ್ ಇಡೆಸ್ತಾಮ್ ಎಂಬ ಗಣಿ ಎಂಜಿನಿಯರ್ 1865ರಲ್ಲಿ ತಾಂಪೆರೆಯಲ್ಲಿ ಮರದ ತಿರುಳು ಮಾಡುವ ಗಿರಣಿ ಹಾಕಿದ. ನಮ್ಮ ಹೊಳೆಯ ನೀರಿನ ರಭಸ ನೋಡಿ 1868ರಲ್ಲಿ ಎರಡನೆಯ ಗಿರಣಿಯನ್ನು ಇಲ್ಲಿ ಕಟ್ಟಿದ. 1871ರಲ್ಲಿ ಕಂಪನಿಗೆ ಊರಿನ ಹೆಸರೇ ನಿಂತಿತು. ಕಂಪನಿ ಹೆಸರನ್ನು ಜಗತ್ತಿಗೆಲ್ಲ ಒಯ್ದಿತು, ಊರು ಇದ್ದಲ್ಲೇ ಉಳಿಯಿತು. ಅಂದ ಹಾಗೆ, ನೋಕಿ ಅಂದರೆ ಇವರ ಭಾಷೆಯಲ್ಲಿ ಮಸಿ.

ಇಲ್ಲಿ ಫೋನಿಗಿಂತ ಟೈರ್ ದೊಡ್ಡದು. ರಬ್ಬರ್ ಕಾರ್ಖಾನೆ 1904ರಲ್ಲಿ ಬಂತು. 1934ರಲ್ಲಿ ಲಾರಿಗಳಿಗೆ ಚಳಿಗಾಲದ ಟೈರ್ ಮಾಡಿದರು, ಜಗತ್ತಿನಲ್ಲೇ ಮೊದಲು. 1936ರಲ್ಲಿ ಕಾರಿಗೆ ಹಕ್ಕಪೆಲೀತ್ತ ಬಂತು. ಆ ಹೆಸರಿನ ಟೈರ್ ಇವತ್ತಿಗೂ ಬರುತ್ತಿದೆ. ಟೈರ್ ಕಂಪನಿ 1988ರಲ್ಲಿ ಬೇರೆಯಾಯಿತು, ಆದರೆ ಊರು ಬಿಡಲಿಲ್ಲ. ನೀನು ಕಾರು ಕೊಂಡರೆ ನವೆಂಬರಿನಿಂದ ಮಾರ್ಚ್‌ವರೆಗೆ ರಸ್ತೆ ಜಾರುವ ದಿನಗಳಲ್ಲಿ ಚಳಿಗಾಲದ ಟೈರ್ ಇರಲೇಬೇಕು, ಕಾನೂನು. ಎರಡು ಸೆಟ್ ಟೈರಿನ ಖರ್ಚನ್ನೂ ಈಗಲೇ ಬರೆದಿಟ್ಟುಕೋ.

ಊರು ಬೆಳೆಯುತ್ತಿರುವುದು ನಿಜ. 2010ರ ಹೊತ್ತಿಗೆ 31,000 ಚಿಲ್ಲರೆ ಜನ ಇದ್ದರು, ಈಗ 35,000 ದಾಟಿದೆ. ತಾಂಪೆರೆಯಲ್ಲಿ 2.5 ಲಕ್ಷಕ್ಕೂ ಹೆಚ್ಚು ಜನ. ಅಲ್ಲಿ ಎರಡು ಕೋಣೆಗೆ ಕೊಡುವ ದುಡ್ಡಿಗೆ ಇಲ್ಲಿ ಅಂಗಳವಿರುವ ಸಾಲುಮನೆ ಸಿಗಬಹುದು ಅಂತ ಮಕ್ಕಳೊಂದಿಗರು ಬರುತ್ತಾರೆ. ನೀವೂ ಅದೇ ಆಸೆಗೆ ಬಿದ್ದಿದ್ದೀರಿ, ತಪ್ಪಲ್ಲ. ಆದರೆ ಇಲ್ಲಿ ಮನೆ ಕೊಳ್ಳುವುದು ನಮ್ಮ ಕಡೆಯ ಹಾಗಲ್ಲ. ನೀನು ಕೊಳ್ಳುವುದು ಗೋಡೆಯನ್ನಲ್ಲ, ಆ ಕಟ್ಟಡದ ಒಡೆತನ ಇರುವ ವಸತಿ ಕಂಪನಿಯ ಷೇರುಗಳನ್ನು. ಕಂಪನಿಯ ಮೇಲೆ ಸಾಲ ಇದ್ದರೆ ನಿನ್ನ ಪಾಲೂ ಅದರಲ್ಲಿದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವ ಬೆಲೆ ಆ ಸಾಲ ಬಿಟ್ಟು ಇರಬಹುದು. ಕೆಳಗಿನ ಸಣ್ಣ ಅಕ್ಷರ ಓದು. ನಿವೇಶನ ಕಂಪನಿಯದ್ದೋ, ಬಾಡಿಗೆಯದ್ದೋ ಕೇಳು. ತಿಂಗಳ ನಿರ್ವಹಣೆ ಹಣ ಎಷ್ಟು ಕೇಳು.

ಎಲ್ಲಕ್ಕಿಂತ ಜಾಸ್ತಿ, ನೀರಿನ ಕೊಳವೆ ಬದಲಿಸಿದ್ದಾರಾ ಕೇಳು. ಇವರು ಪುತ್ಕಿರೆಮೊಂತ್ತಿ ಅನ್ನುತ್ತಾರೆ. 1970ರ ಆಸುಪಾಸಿನ ಕಟ್ಟಡ ಆದರೆ ಅದು ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಬಂದಾಗ ಖರ್ಚು ಸಾವಿರಗಳಲ್ಲ, ಹತ್ತಾರು ಸಾವಿರ ಯೂರೋ. ಮೇಲೆ ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕಾಗಬಹುದು. ನಾವು ಇದನ್ನು ಕೇಳದೆ ಕೊಂಡೆವು. ನಿನ್ನ ಮಾವ ಅಡುಗೆಮನೆಯ ಬಣ್ಣಕ್ಕೆ ಮರುಳಾದರು, ನಾನು ಸೌನಾ ಅನ್ನುವ ಬಿಸಿ ಹಬೆಯ ಕೋಣೆಗೆ. ಎರಡೇ ವರ್ಷಕ್ಕೆ ಕೊಳವೆ ಕೆಲಸ ಬಂತು. ಆ ಚಳಿಗಾಲ ಒಂದು ಬಾಡಿಗೆ ಕೋಣೆಯಲ್ಲಿ ಅನ್ನ-ಸಾರು ತಿಂದುಕೊಂಡು ಇದ್ದೆವು. ಮನೆಯ ಸಾಲ, ದುರಸ್ತಿ ಎಲ್ಲ ಬರೆದಿರುವ ಒಂದು ಪ್ರಮಾಣಪತ್ರ ಇರುತ್ತದೆ. ಅದರ ಫಿನ್ನಿಶ್ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಸ್ ಹೋಗಿರುತ್ತದೆ. ಅದು ಸಿಕ್ಕಿದ ದಿನ ಇಲ್ಲಿಗೆ ತಾ, ನಾನು ಓದಿ ಹೇಳುತ್ತೇನೆ.

ನೀರಿನ ಮಾತು ಬಂತು. ನಮ್ಮ ಪಕ್ಕದ ಮನೆಯ ಅಜ್ಜಿ ಇವತ್ತಿಗೂ ನಾಲ್ಕು ಕ್ಯಾನ್ ನೀರು ತುಂಬಿಸಿ ಇಡುತ್ತಾರೆ. 2007ರ ನವೆಂಬರ್ 28ರಂದು ಇಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಕುಡಿಯುವ ನೀರಿನ ಕೊಳವೆಗೆ ಸೇರಿತ್ತು. 8,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ವಾರಗಟ್ಟಲೆ ಎಲ್ಲರೂ ನೀರು ಕಾಯಿಸಿ ಕುಡಿದರು. ನಿನ್ನನ್ನು ಹೆದರಿಸಲು ಹೇಳಿದ್ದಲ್ಲ, ಈಗ ನಾವು ಸೀದಾ ನಲ್ಲಿಯಿಂದಲೇ ಕುಡಿಯುತ್ತೇವೆ. ಆದರೆ ಇದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ, ಅಜ್ಜಿಯೇ ಹೇಳಬೇಕು. ಅವರ ಹತ್ತಿರ ಕಾಫಿ ಕುಡಿಯುವಷ್ಟು ಫಿನ್ನಿಶ್ ಕಲಿತುಕೊಂಡು ಬಾ. ಹೆರ್ವಂತದಲ್ಲಿ ಇಂಗ್ಲಿಷಿನಲ್ಲೇ ದಿನ ತೆಗೆಯಬಹುದು. ಇಲ್ಲಿ ಅಂಗಡಿಯಲ್ಲಿ ನಡೆದೀತು, ವಸತಿ ಕಂಪನಿಯ ಮೀಟಿಂಗಿನಲ್ಲಿ ನಡೆಯಲ್ಲ. ನಾನಂತೂ ಮೊದಲ ಮೂರು ವರ್ಷ ಸುಮ್ನೆ ಕೈ ಎತ್ತಿ ಬರುತ್ತಿದ್ದೆ. ಯಾವುದಕ್ಕೆ ಎತ್ತಿದೆನೋ ದೇವರಿಗೇ ಗೊತ್ತು.

ನವೆಂಬರ್ ಕೊನೆಯ ವಾರ ಬಂದುಬಿಡಿ. ಮಂಗಳವಾರ ರಾತ್ರಿ ಇಲ್ಲೇ ಮಲಗಿ, ಬುಧವಾರ ಬೆಳಿಗ್ಗೆ ಇಲ್ಲಿಂದಲೇ ಕೆಲಸಕ್ಕೆ ಹೋಗಿ. ದೀಪಾಳ ಕಾಲಿನ ಅಳತೆ ಎಷ್ಟು ಅಂತ ತಿಳಿಸು, ನನ್ನ ಹತ್ತಿರ ಒಂದು ಜೊತೆ ರಬ್ಬರ್ ಬೂಟು ಸುಮ್ನೆ ಕೂತಿದೆ.

ಇಂತಿ,
ನಿನ್ನ ಅತ್ತೆ