ಒಂದು ಸಾಲಿನ ಫಿಟ್‌ನೆಸ್ ಸರ್ಟಿಫಿಕೇಟ್ ಸಾಲದು

ಸಂಪಾದಕರೇ,

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ 19 ವರ್ಷದಿಂದ ಟರ್ನರ್. ಕಳೆದ ವರ್ಷ ಲೇತ್ ಮುಂದೆಯೇ ತಲೆ ಸುತ್ತಿ ಬಿದ್ದೆ. ನಾಡಿ ನಿಮಿಷಕ್ಕೆ 34 ಇತ್ತು. ಎಡ ಭುಜದ ಹತ್ತಿರ ಚರ್ಮದ ಕೆಳಗೆ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ನಿಧಾನವಾಗದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ, ಕೂರಿಸಿದರು.

ಎರಡು ತಿಂಗಳಾದ ಮೇಲೆ ಡಾಕ್ಟರು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಹೋದರೆ ಆಫೀಸಿನವರು, ಹಾರ್ಟ್ ಬ್ಲಾಕ್ ಅಂತ ಬರೆದಿದೆಯಲ್ಲ, ಮಷಿನ್ ಹತ್ತಿರ ಏನಾದರೂ ಆದರೆ ಯಾರು ಜವಾಬ್ದಾರಿ ಅಂದರು. ಬ್ಲಾಕ್ ಅಂದರೆ ಸಾಕು, ಎಲ್ಲರಿಗೂ ಸ್ಟೆಂಟು, ಹಾರ್ಟ್ ಅಟ್ಯಾಕೇ ನೆನಪಾಗುತ್ತದೆ. ನನ್ನದು ಅದಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಬರುವ ಸಣ್ಣ ಕರೆಂಟು ಮಧ್ಯದಲ್ಲೇ ನಿಂತುಹೋಗುತ್ತಿತ್ತು. ಈಗ ಅದನ್ನು ಪೇಸ್‌ಮೇಕರ್ ಕೊಡುತ್ತದೆ. ನಾನು ಬೀಳುವ ಭಯ ಇದ್ದದ್ದು ಅದನ್ನು ಹಾಕಿಸಿಕೊಳ್ಳುವ ಮೊದಲು, ಅಲ್ವಾ?

ಐದು ವಾರ ಮನೆಯಲ್ಲಿ ಸುಮ್ನೆ ಕೂತೆ. ಕಾರ್ಮಿಕರ ವಿಮೆ ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆದರೆ ಫಿಟ್ ಅಂತ ಬರೆದ ದಿನವೇ ಅದು ನಿಲ್ಲುತ್ತದೆ. ಅಲ್ಲಿಂದಲೂ ದುಡ್ಡಿಲ್ಲ, ಕಂಪನಿಯಿಂದಲೂ ಇಲ್ಲ. ಮಗಳ ಕಾಲೇಜು ಫೀಸಿಗೆ ಹೆಂಡತಿಯ ಬಳೆ ಅಡವಿಟ್ಟೆವು.

ಪೂರ್ತಿ ತಪ್ಪು ಆಫೀಸಿನವರದು ಅನ್ನಲಾರೆ. ಸರ್ಟಿಫಿಕೇಟಿನಲ್ಲಿ ಇದ್ದದ್ದೇ ಒಂದು ಸಾಲು, 'ಕೆಲಸಕ್ಕೆ ಫಿಟ್' ಅಂತ. ಅದನ್ನು ಓದಿ ಯಾರಿಗೆ ಧೈರ್ಯ ಬರುತ್ತದೆ? ವಾಪಸ್ ಡಾಕ್ಟರ ಹತ್ತಿರ ಹೋಗಿ ನಮ್ಮ ಶೆಡ್ಡಿನ ಫೋಟೊಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದೆ. ಅವರು ಫೋಟೊ ದೊಡ್ಡದು ಮಾಡಿ ನೋಡಿ, ಮೂಲೆಯಲ್ಲಿದ್ದ ಮಷಿನ್ ಮೇಲೆ ಬೆರಳಿಟ್ಟು, ಇದು ವೆಲ್ಡಿಂಗಾ ಎಂದು ಕೇಳಿದರು. ಆಮೇಲೆ ಅರ್ಧ ಪುಟ ಬರೆದುಕೊಟ್ಟರು. ಲೇತ್, ಡ್ರಿಲ್ಲಿಂಗ್ ಮಷಿನ್ ಪರವಾಗಿಲ್ಲ. ಆರ್ಕ್ ವೆಲ್ಡಿಂಗ್ ಮಾಡಬಾರದು, ಅದರ ಹತ್ತಿರವೂ ನಿಲ್ಲಬಾರದು. ಮೊಬೈಲ್ ಅಂಗಿಯ ಎಡ ಜೇಬಿನಲ್ಲಿ ಬೇಡ, ಪೇಸ್‌ಮೇಕರ್‌ನಿಂದ 15 ಸೆಂ.ಮೀ. ದೂರ ಇರಲಿ. ಗೇಟಿನಲ್ಲಿ ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆ ಮೇಲೆ ಹಿಡಿದು ನಿಲ್ಲಿಸಬಾರದು. ಎಡಗೈ ಭುಜಕ್ಕಿಂತ ಮೇಲೆ ಎತ್ತಬಾರದು ಅನ್ನುವ ಮೊದಲ ವಾರಗಳ ಪಥ್ಯ ಮುಗಿದಿದೆ, ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ವೈರು ಒಳಗೆ ಗಟ್ಟಿಯಾಗಿ ಕೂತಿದೆ.

ಅದನ್ನು ಓದಿದ ಮೂರನೇ ದಿನಕ್ಕೆ ಕರೆದರು. ವೆಲ್ಡಿಂಗ್ ಪಕ್ಕದ ಲೇತ್ ಬಿಟ್ಟು ಕಿಟಕಿ ಹತ್ತಿರದ್ದು ಕೊಟ್ಟರು. ಸೆಕ್ಯುರಿಟಿಯವರು ಈಗ ಡಿಟೆಕ್ಟರ್ ಕೆಳಗಿಟ್ಟು ಕೈಯಲ್ಲೇ ತಡವಿ ಒಳಗೆ ಬಿಡುತ್ತಾರೆ.

ಎಲ್ಲರಿಗೂ ಇದೇ ಪತ್ರ ಹೊಂದುವುದಿಲ್ಲ ಎಂಬುದು ಗೊತ್ತು. ಬಡಿತ ಅಪಾಯಕ್ಕೆ ತಿರುಗಿದರೆ ಶಾಕ್ ಕೊಡುವ ಐಸಿಡಿ ಎಂಬ ಯಂತ್ರ ಹಾಕಿಸಿಕೊಂಡವರಿಗೆ, ಅದರಲ್ಲೂ ಬಸ್ಸು, ಲಾರಿ ಓಡಿಸುವವರಿಗೆ ನಿರ್ಬಂಧ ಜಾಸ್ತಿ. ಅದಕ್ಕೇ ಡಾಕ್ಟರುಗಳಲ್ಲಿ ನನ್ನ ಬೇಡಿಕೆ: ಕೆಲಸ ಏನು ಅಂತ ಕೇಳಿ ಬರೆಯಿರಿ. ಕಂಪನಿಯವರೂ ಅಷ್ಟೇ, ಅನುಮಾನ ಇದ್ದರೆ ಕಾಗದದಲ್ಲಿ ಪ್ರಶ್ನೆ ಬರೆದು ಕೊಡಿ, ನಾವೇ ಉತ್ತರ ತರುತ್ತೇವೆ.

ಮೊನ್ನೆ ಚೆಕಪ್‌ನಲ್ಲಿ ಗಾರ್ಮೆಂಟ್ಸ್‌ನ ಟೈಲರ್ ಒಬ್ಬರು ಸಿಕ್ಕರು. ಹೊಲಿಗೆ ಕೆಲಸ ಮಾಡಬಹುದು ಅಂತ ಡಾಕ್ಟರು ಬಾಯಲ್ಲಿ ಹೇಳಿದ್ದಾರಂತೆ, ಆದರೂ ನಾಲ್ಕು ತಿಂಗಳಿಂದ ಮನೆಯಲ್ಲಿದ್ದಾರೆ. ಅವರ ಕವರಿನಲ್ಲೂ ಅದೇ ಒಂದು ಸಾಲಿನ ಸರ್ಟಿಫಿಕೇಟ್. ಡಾಕ್ಟರು ನನಗೆ ಬರೆದುಕೊಟ್ಟ ಪತ್ರದ ಜೆರಾಕ್ಸ್ ಕೊಟ್ಟು, ಅಕ್ಕಾ, ಇಂಥದ್ದು ಬರೆಸಿಕೊಂಡೇ ಹೋಗಿ ಅಂದೆ.

ಒಬ್ಬ ಟರ್ನರ್, ಪೀಣ್ಯ, ಬೆಂಗಳೂರು