ಹಾಡಿಲ್ಲದ ಸಂಗೀತ: ವಿಯೆನ್ನಾದಿಂದ ಅಪ್ಪಯ್ಯನಿಗೆ

ವಿಯೆನ್ನಾ, ಭಾನುವಾರ

ತೀರ್ಥರೂಪು ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇತ್ತ ಎಲ್ಲ ಕ್ಷೇಮ. ಈ ಸಲ ತೋಟಕ್ಕೆ ಕೊಳೆ ರೋಗ ಜಾಸ್ತಿ ಬರಲಿಲ್ಲ ಅಂತ ಅಮ್ಮ ಹೇಳಿದಳು. ಸಮಾಧಾನವಾಯಿತು.

ಮೊನ್ನೆ ಫೋನಿನಲ್ಲಿ ನೀವು "ಒಂದು ಹಾಡೂ ಇಲ್ಲದ ಸಿನಿಮಾ ಸಂಗೀತ ಕೇಳೋಕೆ ದುಡ್ಡು ಕೊಟ್ಟು ಹೋಗ್ತಾರಾ ಮಾರಾಯ್ತಿ?" ಅಂದಿರಿ. ಲೈನು ಕಡಿದು ಕಡಿದು ಹೋಗುತ್ತಿತ್ತು, ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಕಾಗದ.

ನಾನು ನೋಡಿದ್ದು ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್‌ನ 'ವರ್ಟಿಗೊ', 1958ರ ಸಿನಿಮಾ. ಸಂಗೀತ ಬರ್ನಾರ್ಡ್ ಹೆರ್‌ಮನ್‌ದು. ಪರದೆಯ ಮೇಲೆ ಸಿನಿಮಾ ಓಡುತ್ತದೆ, ಮಾತು ಸ್ಪೀಕರಿನಿಂದ ಬರುತ್ತದೆ. ಹಿನ್ನೆಲೆ ಸಂಗೀತವನ್ನು ಮಾತ್ರ ಪರದೆಯ ಕೆಳಗೆ ಕೂತ ವಾದ್ಯದವರು ಅಲ್ಲೇ ನುಡಿಸುತ್ತಾರೆ.

ಶುರುವಿನಲ್ಲಿ ಒಂದು ಹೆಣ್ಣಿನ ಕಣ್ಣು, ಅದರೊಳಗಿಂದ ತಿರುಗುತ್ತಾ ಬರುವ ಸುಳಿ. ಆಗ ಕೆಲವು ವಾದ್ಯಗಳು ಸ್ವರ ಏರುತ್ತವೆ, ಅದೇ ಹೊತ್ತಿಗೆ ಇನ್ನು ಕೆಲವು ಇಳಿಯುತ್ತವೆ. ಮತ್ತೆ ಅದೇ, ಮತ್ತೆ ಅದೇ. ಭಜನೆಗೆ ಹಾರ್ಮೋನಿಯಂ ನುಡಿಸುವ ನಿಮಗೆ ಇದು ಬೇಗ ಗೊತ್ತಾಗುತ್ತದೆ: ಷಡ್ಜಕ್ಕೆ ಬಂದು ನಿಲ್ಲುವುದೇ ಇಲ್ಲ! ಕಿವಿ ಕಾಯುತ್ತದೆ, ಅದು ಬರುವುದಿಲ್ಲ. ಕಥೆ ಇನ್ನೂ ಶುರುವೇ ಆಗಿಲ್ಲ, ಹೊಟ್ಟೆಯೊಳಗೆ ಆಗಲೇ ಏನೋ ತಳಮಳ.

ಆಮೇಲೆ ನಾಯಕ ಒಬ್ಬಳು ಹೆಂಗಸನ್ನು ಕಾರಿನಲ್ಲಿ ಹಿಂಬಾಲಿಸುತ್ತಾನೆ. ಹೂವಿನ ಅಂಗಡಿ, ಸ್ಮಶಾನ, ಚಿತ್ರಗಳ ಸಂಗ್ರಹಾಲಯ. ಎಷ್ಟೋ ಹೊತ್ತು ಮಾತೇ ಇಲ್ಲ ಅನ್ನಬಹುದು. ಅವನಿಗೆ ಅವಳ ಮೇಲೆ ಮನಸ್ಸಾಗುತ್ತಿದೆ ಅಂತ ಸಂಗೀತವೇ ಹೇಳುತ್ತದೆ.

ಅವಳು ಸಾಯುತ್ತಾಳೆ. ಅವಳ ಹಾಗೇ ಕಾಣುವ ಇನ್ನೊಬ್ಬಳು ಸಿಗುತ್ತಾಳೆ. ಇವನು ಹಟ ಹಿಡಿದು ಅವಳ ಬಟ್ಟೆ, ಕೂದಲಿನ ಬಣ್ಣ ಎಲ್ಲ ಬದಲಾಯಿಸುತ್ತಾನೆ. ಕೊನೆಗೆ ಅವಳು ಬಾಗಿಲು ತೆರೆದು ಹಸಿರು ಬೆಳಕಿನಲ್ಲಿ ಹೊರಗೆ ಬರುತ್ತಾಳೆ. ನಡೆಯುವುದು ಇಷ್ಟೇ. ನಾನು ಪರದೆ ಬಿಟ್ಟು ಪಿಟೀಲಿನವರನ್ನು ನೋಡಿದೆ. ಕಮಾನಿನ ತುದಿಯನ್ನಷ್ಟೇ ತಂತಿಗೆ ತಾಗಿಸಿ ನಡುಗಿಸುತ್ತಿದ್ದರು, ಮೊದಲು ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಸ್ವರ ನಿಧಾನವಾಗಿ ಏರಿತು. ಕಮಾನುಗಳು ಉದ್ದವಾದವು, ಭುಜಗಳು ಅಲುಗತೊಡಗಿದವು, ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಎದ್ದವು. ನಾನು ಅತ್ತುಬಿಟ್ಟೆ ಅಪ್ಪಯ್ಯ. ಸತ್ತವರು ವಾಪಸ್ ಬಂದರು ಅಂತ ಒಂದು ಕ್ಷಣ ನಂಬಿಬಿಟ್ಟೆ. ಅಜ್ಜಿಯ ನೆನಪಾಯಿತು.

ಇದರ ಸಂಗೀತದ ಒಂದು ಭಾಗ ಇದೇ ವಿಯೆನ್ನಾದಲ್ಲಿ ರೆಕಾರ್ಡ್ ಆಗಿದ್ದು, ಗೊತ್ತಾ? ಆಗ ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರ. ಅದಕ್ಕೇ ಸಿನಿಮಾದವರು ರೆಕಾರ್ಡಿಂಗಿಗೆ ಮೊದಲು ಲಂಡನ್ನಿಗೆ, ಅಲ್ಲಿಂದ ಇಲ್ಲಿಗೆ ಬಂದರು. ವಾದ್ಯದವರ ಮುಂದೆ ನಿಂತು ನುಡಿಸಿದವರು ಮ್ಯೂರ್ ಮ್ಯಾಥಿಸನ್ ಅನ್ನುವ ಸಂಗೀತ ನಿರ್ವಾಹಕರು. ಬರೆದವನಿಗೇ ತನ್ನ ಸಂಗೀತವನ್ನು ನಡೆಸುವ ಭಾಗ್ಯ ಸಿಗಲಿಲ್ಲ ಅನ್ನೋದು ನನಗೆ ಈಗಲೂ ಸಂಕಟ.

ಇದೇ ಹೆರ್‌ಮನ್ 1960ರಲ್ಲಿ ಹಿಚ್‌ಕಾಕ್‌ನ 'ಸೈಕೋ' ಸಿನಿಮಾಕ್ಕೆ ಬರೀ ತಂತಿವಾದ್ಯ ಇಟ್ಟುಕೊಂಡು ಸಂಗೀತ ಮಾಡಿದ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂತಿದ್ದ ಹಿಚ್‌ಕಾಕ್, ಇವನು ಮಾಡಿದ್ದು ಕೇಳಿದ ಮೇಲೆ ಒಪ್ಪಿಕೊಂಡ.

ಇದು ನಿಮಗೆ ಹೊಸದೇನಲ್ಲ ಅಂತ ನನ್ನ ವಾದ. ಬಯಲಾಟದಲ್ಲಿ ಬಣ್ಣದ ವೇಷ ಇನ್ನೂ ತೆರೆಯ ಹಿಂದೆ ಇರುವಾಗಲೇ ಚಂಡೆ ಕೇಳಿ ನಾನು ನಿಮ್ಮ ಶಾಲಿನೊಳಗೆ ಸೇರಿಕೊಳ್ಳುತ್ತಿದ್ದೆ, ಅಲ್ವಾ? ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಅಂದರೆ ನೀವೂ ಮೊದಲು ಗುನುಗುವುದು ಎಲ್. ವೈದ್ಯನಾಥನ್ ಅವರ ಆ ರಾಗವನ್ನೇ.

ಒಂದು ಕೆಲಸ ಮಾಡಿ. ನಮ್ಮ ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಇನ್ನೊಮ್ಮೆ ನೋಡಿ. 1977ರದ್ದು. ಸರಿಪಡಿಸಿದ ಹೊಸ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೂ ತೋರಿಸಿದರು. ಬಿ.ವಿ. ಕಾರಂತರಿಗೆ ಅದರ ಸಂಗೀತಕ್ಕೆ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಕಥೆ ನಿಮಗೆ ಗೊತ್ತೇ ಇದೆ. ಈ ಸಲ ಸಂಗೀತ ಎಲ್ಲಿ ಬರುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಅಂತ ಗಮನಿಸಿ ನನಗೆ ಬರೆಯಿರಿ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆಯಿರಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ. ಅಪ್ಪೆಮಿಡಿ ಉಪ್ಪಿನಕಾಯಿ ಯಾರ ಕೈಯಲ್ಲಾದರೂ ಕಳಿಸಲು ಅಮ್ಮನಿಗೆ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು